ಚಕ್ರದಡಿಯ ನಿಂಬೆಹಣ್ಣು

ಸಮತಟ್ಟಾದ ನೆಲದ ಮೇಲೆ ನಿಂತು ಬೆಟ್ಟದ ಬಗ್ಗೆ ಮಾತಾಡುವಷ್ಟು ಸುಖವಾದ ಕೆಲಸ ಇನ್ನೊಂದಿಲ್ಲ. ಖರ್ಚಿಲ್ಲ, ಉಬ್ಬಸವಿಲ್ಲ, ಪರೀಕ್ಷೆ ಮಾಡುವವರಂತೂ ಇಲ್ಲವೇ ಇಲ್ಲ. ನಾನು ಈ ಕೆಲಸವನ್ನು ನೆದರ್‌ಲ್ಯಾಂಡ್ಸಿನಲ್ಲಿ ಕೂತು ಎಂಟು ವರ್ಷಗಳಿಂದ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇನೆ. ಅದಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ದೇಶ ಸಿಕ್ಕುವುದಿಲ್ಲ. ಇಲ್ಲಿ ನೆಲವೆಂದರೆ ಕಾವಲಿಯ ಮೇಲೆ ಹುಯ್ದು ತೆಳ್ಳಗೆ ತಿರುವಿದ ದೋಸೆ. ರೈಲಿನ ಕಿಟಕಿಯಲ್ಲಿ ನೋಡಿದರೆ ನಾಳೆ ಮೇಯಬೇಕಾದ ಹಸುವೂ ಇವತ್ತೇ ಕಾಣಿಸುತ್ತದೆ.

ಹಾಗೆಂದು ಇಲ್ಲಿನವರು ಬೆಟ್ಟದ ಆಸೆ ಬಿಟ್ಟವರಲ್ಲ. ನಾವಿರುವ ಆಮರ್ಸ್‌ಫೋರ್ಟಿನಲ್ಲಿ ಒಂದು ಬೆಟ್ಟವಿದೆ. ಬೆಟ್ಟ ಎನ್ನುವುದು ಅವರ ಮಾತು, ನನ್ನದಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಅದನ್ನು ನೋಡಲೆಂದು ಸೈಕಲ್ಲಿನಲ್ಲಿ ಹೊರಟವನು, ಬೆಟ್ಟ ಈಗ ಬರುತ್ತದೆ ಆಗ ಬರುತ್ತದೆ ಎಂದು ಕಾಯುತ್ತಲೇ ಅದನ್ನು ಹತ್ತಿ, ದಾಟಿ, ಆಚೆ ಕಡೆ ಇಳಿದುಬಿಟ್ಟಿದ್ದೆ. ಆಫೀಸಿನಲ್ಲಿ ನನ್ನ ಎದುರು ಮೇಜಿನ ಹೆಂಕ್ ಅಲ್ಲಿಯೇ ಮನೆ ಮಾಡಿಕೊಂಡಿದ್ದಾನೆ. ಅವನ ಮಗಳು ಲೊಟ್ಟೆ ನನ್ನ ಮಗಳು ಅನಘಾಳ ತರಗತಿಯವಳೇ. "ನಮ್ಮ ಮನೆ ಬೆಟ್ಟದ ಮೇಲಿದೆ" ಎಂದು ಅವನು ಮೊದಲ ದಿನ ಹೆಮ್ಮೆಯಿಂದ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. "ಹೆಂಕ್, ನಮ್ಮ ಊರಿನಲ್ಲಿ ಅಷ್ಟು ಎತ್ತರಕ್ಕೆ ಸ್ಪೀಡ್ ಬ್ರೇಕರ್ ಅಂತೀವಿ" ಎಂದೆ. ಪಾಪ, ಅವನೂ ನಕ್ಕ. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲವಾಯಿತು. ಕಾಫಿ ಯಂತ್ರದ ಪಕ್ಕ ನಿಂತು ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ, ಊಟಿಯ ರಸ್ತೆ ಎಲ್ಲವನ್ನೂ ವರ್ಣಿಸಿದೆ. ಎರಡು ಚಕ್ರ ರಸ್ತೆಯಲ್ಲಿ, ಎರಡು ಚಕ್ರ ಗಾಳಿಯಲ್ಲಿ ಇಟ್ಟುಕೊಂಡು ನಮ್ಮ ಸರ್ಕಾರಿ ಬಸ್ಸು ತಿರುಗುವುದನ್ನು ಕೈಯಲ್ಲಿ ಸ್ಟೀರಿಂಗ್ ಹಿಡಿದವನಂತೆ ತಿರುಗಿಸಿ ತೋರಿಸಿದೆ. ಕೊನೆಗೆ ಆಫೀಸಿನಲ್ಲಿ ನನಗೆ 'ಬೆಟ್ಟದ ಮನುಷ್ಯ' ಎಂದೇ ಹೆಸರು ನಿಂತಿತು. ನಾನು ಬೇಡವೆನ್ನಲಿಲ್ಲ.

ನಿಜ ಸಂಗತಿ ಬೇರೆ ಇತ್ತು. ಆ ಘಾಟಿಗಳನ್ನೆಲ್ಲ ನಾನು ಹತ್ತಿಳಿದದ್ದು ಸುಳ್ಳಲ್ಲ. ಆದರೆ ಹತ್ತಿದ್ದು ತಲೆಯನ್ನು ಬಸ್ಸಿನ ಕಿಟಕಿಯ ಹೊರಗೆ ಹಾಕಿಕೊಂಡು, ಇಳಿದದ್ದು ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು. ಮೂರನೆಯ ತಿರುವಿಗೆ ಹೊಟ್ಟೆ ತೊಳೆಸಲು ಶುರುವಾದರೆ ಐದನೆಯದಕ್ಕೆ ಕಂಡಕ್ಟರೇ ಎದ್ದು ಬಂದು ಮುಂದಿನ ಸೀಟಿನವರನ್ನು ಎಬ್ಬಿಸಿ ನನಗೆ ಜಾಗ ಮಾಡಿಕೊಡುತ್ತಿದ್ದ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಚಾಮುಂಡಿ ಬೆಟ್ಟಕ್ಕೂ ಬಸ್ಸಿನಲ್ಲಿ ಹೋದವನಲ್ಲ. ಪ್ರತಿ ಸಲವೂ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದೆ. ನೋಡಿದವರು, ಈ ಕಾಲದಲ್ಲೂ ಎಂಥ ಭಕ್ತಿ ಈ ಹುಡುಗನಿಗೆ ಎಂದು ನಮ್ಮ ಅಮ್ಮನ ಹತ್ತಿರ ಹೊಗಳುತ್ತಿದ್ದರು. ಅಮ್ಮ ಸುಮ್ಮನೆ ತಲೆಯಾಡಿಸುತ್ತಿದ್ದಳು. ವಾಂತಿ ನಿಲ್ಲಿಸುವ ಮಾತ್ರೆಯನ್ನೂ ಒಮ್ಮೆ ನುಂಗಿ ನೋಡಿದ್ದುಂಟು. ವಾಂತಿ ನಿಂತಿತು, ಆದರೆ ಜೊತೆಗೆ ಉಳಿದೆಲ್ಲವೂ ನಿಂತುಹೋಗಿ, ಧರ್ಮಸ್ಥಳದ ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ಎಚ್ಚರಗೊಂಡಿದ್ದೆ. ಅವತ್ತಿನಿಂದ ನನಗೆ ನಿಂಬೆಹಣ್ಣೇ ಗತಿ.

ಈ ವಿಷಯ ನನ್ನ ಹೆಂಡತಿ ವಿನುತಾಳಿಗೆ ಗೊತ್ತಿರಲಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಮದುವೆಯಾದ ಮೇಲೆ ಕನ್ಯಾಕುಮಾರಿಗೆ ಹೋದೆವು, ರೈಲಿನಲ್ಲಿ. ಆಮೇಲೆ ಈ ದೋಸೆಯ ಮೇಲೆ ಬಂದು ಇಳಿದೆವು. ಇಲ್ಲಿ ಗುಟ್ಟು ಬಯಲಾಗಲು ಒಂದು ತಿರುವಾದರೂ ಬೇಕಲ್ಲ! ಹೀಗೆ ನೆಮ್ಮದಿಯಾಗಿದ್ದವನಿಗೆ ಈ ಸಲದ ಮೇ ತಿಂಗಳ ಶಾಲಾ ರಜೆ ಗ್ರಹಚಾರವಾಗಿ ಬಂತು. ವಿನುತಾ ಧಾರವಾಡದವಳು. ಒಂದು ದಿನ ಊಟ ಮಾಡುತ್ತಾ ಇದ್ದಕ್ಕಿದ್ದಂತೆ, "ಎಂಟು ವರ್ಷ ಆತ್ರೀ, ಕತ್ತೆತ್ತಿ ನೋಡೂವಂಥಾದ್ದು ಒಂದೂ ಇಲ್ಲ ಇಲ್ಲೆ. ಈ ಸಲ ಗುಡ್ಡ ಇದ್ದಲ್ಲೆ ಹೋಗೂಣು. ಮಾಂಟೆನೆಗ್ರೊಕ್ಕ" ಎಂದಳು. ಹೆಸರಿನಲ್ಲಿಯೇ ಬೆಟ್ಟವನ್ನು ಇಟ್ಟುಕೊಂಡ ದೇಶ. ನಮ್ಮಲ್ಲಾಗಿದ್ದರೆ ಕರಿಗುಡ್ಡ ಎನ್ನುತ್ತಿದ್ದೆವು. ಸಮುದ್ರದ ದಂಡೆಯಿಂದ ನೇರ ಆಕಾಶಕ್ಕೆ ಎದ್ದ ಬೆಟ್ಟ, ಅದರ ಮೈಮೇಲೆ ಹಾವಿನಂತೆ ಸುತ್ತಿಕೊಂಡ ರಸ್ತೆ. ಚಿತ್ರ ನೋಡಿಯೇ ನನ್ನ ಬಾಯಲ್ಲಿ ನೀರೂರಿತು, ಒಳ್ಳೆಯ ಅರ್ಥದಲ್ಲಲ್ಲ. ಡೆನ್ಮಾರ್ಕ್ ಚೆನ್ನಾಗಿದೆಯಂತೆ ಎಂದು ನೋಡಿದೆ. "ಅದೂ ಸಪಾಟ ಅದ, ಮತ್ತ ಥಂಡಿ" ಎಂದು ಅವಳು ಒಂದೇ ಮಾತಿನಲ್ಲಿ ಡೆನ್ಮಾರ್ಕನ್ನು ಮುಗಿಸಿದಳು.

ಹೆಂಕ್‌ಗೆ ಹೇಳಿದಾಗ ಅವನ ಮುಖ ಅರಳಿತು. "ಅಂತೂ ಮನೆಗೆ ಹೋದ ಹಾಗೆ ಅನ್ನಿಸುತ್ತೆ ನಿನಗೆ" ಎಂದ. ಅವನೂ ಕಾಲೇಜಿನ ದಿನಗಳಲ್ಲಿ ಡೇರೆ ಹೊತ್ತುಕೊಂಡು ಅಲ್ಲಿಗೆ ಹೋಗಿದ್ದನಂತೆ. ಕೋಟೋರ್ ಎಂಬ ಊರಿನಿಂದ ಲೊವ್ಚೆನ್ ಬೆಟ್ಟಕ್ಕೆ ಹತ್ತುವ ಆ ರಸ್ತೆಯನ್ನು ಬಿಡಬಾರದು, ಮೇಲಿನಿಂದ ನಾನು ನಿಂತಿರುವ ಫೋಟೋ ಒಂದನ್ನು ಕಳಿಸಲೇಬೇಕು ಎಂದ. "ನಿನಗೆ ಅದೆಲ್ಲ ಏನೂ ಅನ್ನಿಸಲಿಕ್ಕಿಲ್ಲ ಬಿಡು" ಎಂದು ಸೇರಿಸಿದ. ನಾನು ಗಂಭೀರವಾಗಿ ತಲೆಯಾಡಿಸಿ, ಅದೇ ಸಂಜೆ ತುರ್ಕಿಯವರ ಅಂಗಡಿಗೆ ಹೋಗಿ ನಾಲ್ಕು ಗಟ್ಟಿ ನಿಂಬೆಹಣ್ಣು ತಂದೆ.

ತಂದದ್ದನ್ನು ಸೂಟ್‌ಕೇಸಿನಲ್ಲಿ ನನ್ನ ಕಾಲುಚೀಲಗಳ ಒಳಗೆ ತುರುಕಿ ಬಚ್ಚಿಟ್ಟೆ. ನಾನು ಕಟ್ಟಿದ ಸೂಟ್‌ಕೇಸನ್ನು ವಿನುತಾ ಬಿಚ್ಚಿ ಮತ್ತೊಮ್ಮೆ ಕಟ್ಟುತ್ತಾಳೆ ಎಂಬುದನ್ನು ಇಷ್ಟು ವರ್ಷ ಸಂಸಾರ ಮಾಡಿದವನು ಮರೆಯಬಾರದಿತ್ತು.

"ಅಲ್ರೀ, ಸಾಕ್ಸಿನ್ಯಾಗ ನಿಂಬಿಹಣ್ಣು ಯಾಕ?"

ಪುಣ್ಯಕ್ಕೆ ಸರಸ್ವತಿ ಒಲಿದಳು. "ಕಾರಿಗೆ ಕಣೇ" ಎಂದೆ. "ಅಲ್ಲಿ ಕಾರು ತಗೋತೀವಲ್ಲ, ಘಟ್ಟದ ರಸ್ತೆ ಬೇರೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಹತ್ತಿಸಿ ಹೊರಡೋಣ ಅಂತ."

"ಬಾಡಿಗಿ ಕಾರಿಗೆ ಪೂಜಾನ?"

"ಕಾರು ಬಾಡಿಗೇದಾದ್ರೂ ಪ್ರಾಣ ಸ್ವಂತದ್ದಲ್ವೇನೇ?"

ಈ ಮಾತು ನನಗೇ ಎಷ್ಟು ಇಷ್ಟವಾಯಿತೆಂದರೆ ಅದರಲ್ಲಿ ಅಡಗಿದ ಅಪಾಯ ಕಾಣಲೇ ಇಲ್ಲ. ವಿನುತಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಛಲೋ ವಿಚಾರ" ಎಂದು ನಿಂಬೆಹಣ್ಣುಗಳನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ತಿವಾತ್ ಎಂಬಲ್ಲಿ ವಿಮಾನ ಇಳಿದು ಕಾರು ತೆಗೆದುಕೊಳ್ಳಲು ಹೋದರೆ, ಅಲ್ಲಿದ್ದದ್ದು ಗೇರಿನ ಕಾರು. ನಾನು ನೆದರ್‌ಲ್ಯಾಂಡ್ಸಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದವನು. ನನ್ನ ಲೈಸೆನ್ಸಿನ ಪ್ರಕಾರ ಗೇರಿನ ಕೋಲನ್ನು ನಾನು ದೂರದಿಂದ ನೋಡಬಹುದು, ಅಷ್ಟೇ. ವಿನುತಾ ತನ್ನ ಅಪ್ಪನ ಹಳೆಯ ಜೀಪಿನಲ್ಲಿ ಡ್ರೈವಿಂಗ್ ಕಲಿತವಳು, ನೆದರ್‌ಲ್ಯಾಂಡ್ಸಿನಲ್ಲಿಯೂ ಮೊದಲ ಸಲಕ್ಕೇ ಪಾಸಾದವಳು. ಅವಳು ಖುಷಿಯಿಂದ ಕೀಲಿ ತೆಗೆದುಕೊಂಡು ನೇರವಾಗಿ ಕಾರಿನ ಮುಂದೆ ಬಗ್ಗಿದಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು ಬಾನೆಟ್ಟಿಗೆ ಒಂದು ಬೊಟ್ಟು. ಕಾರು ಒಪ್ಪಿಸಲು ಬಂದಿದ್ದ ಕಪ್ಪು ಕನ್ನಡಕದ ಹುಡುಗ ಆ ಬೊಟ್ಟನ್ನು ಗೀರು ಎಂದುಕೊಂಡು ಉಗುರಿನಿಂದ ಕೆರೆದು ನೋಡಿದ. "ವಾಟ್ ಈಸ್ ದಿಸ್?" ಎಂದು ಕೇಳಿದ. ಹತ್ತು ವರ್ಷದ ನನ್ನ ಮಗಳು, "ಡೋಂಟ್ ವರಿ, ಇಟ್ಸ್ ಅವರ್ ಇನ್ಶೂರೆನ್ಸ್" ಎಂದು ಸಮಾಧಾನ ಮಾಡಿದಳು.

"ಎರಡಾದರೂ ಉಳಿಯಲಿ, ಮುಂದಿನ ಎರಡು ಚಕ್ರಕ್ಕೆ ಇಟ್ಟರೆ ಸಾಕೇನೋ" ಎಂದು ನಾನು ಗೊಣಗಿದೆ. "ನೀವ ಹೇಳಿದ್ದು, ನಾಕೂ ಚಕ್ರಕ್ಕ ಅಂತ. ದೇವರ ಕೆಲಸದಾಗ ಜುಗ್ಗತನ ಬ್ಯಾಡ್ರೀ" ಎಂದು ವಿನುತಾ ಕ್ಲಚ್ ಬಿಟ್ಟಳು. ಪಚಕ್ ಎಂದಿತು. ನನ್ನ ಔಷಧಿಯೆಲ್ಲ ಪರದೇಶದ ಟಾರಿಗೆ ಮೆತ್ತಿಕೊಂಡಿತು. ಕಾರು ಹತ್ತುವ ಮುನ್ನ, ಗಾಳಿಯಲ್ಲಿದ್ದ ಪರಿಮಳವನ್ನಾದರೂ ಬಿಡಬಾರದೆಂದು ಎರಡು ಸಲ ಜೋರಾಗಿ ಉಸಿರೆಳೆದುಕೊಂಡೆ.

ಮೊದಲ ದಿನ ಸಮುದ್ರದ ಪಕ್ಕದ ರಸ್ತೆಯೇ ಆದ್ದರಿಂದ ಮಾನ ಉಳಿಯಿತು. ಆ ಕೊಲ್ಲಿಯೇ ಒಂದು ಸೋಜಿಗ. ಸಮುದ್ರ ದಾರಿ ತಪ್ಪಿದಂತೆ ಬೆಟ್ಟಗಳ ನಡುವೆ ನುಗ್ಗಿ ಬಂದು, ಹೊರಗೆ ಹೋಗುವುದು ಬೇಡವೆಂದು ಅಲ್ಲೇ ತಣ್ಣಗೆ ಮಲಗಿಬಿಟ್ಟಿದೆ. ಪೆರಾಸ್ತ್ ಎಂಬ ಪುಟ್ಟ ಊರಿನಿಂದ ದೋಣಿಯಲ್ಲಿ ಒಂದು ನಡುಗಡ್ಡೆಗೆ ಹೋದೆವು. ಅಲ್ಲಿ ಮಾತೆಯ ಹೆಸರಿನ ಒಂದು ಚರ್ಚು. ಹಿಂದೆ ನಾವಿಕರು ಸಮುದ್ರಯಾನದಿಂದ ಕ್ಷೇಮವಾಗಿ ಮರಳಿದಾಗಲೆಲ್ಲ ಒಂದೊಂದು ಕಲ್ಲು ತಂದು ನೀರಿಗೆ ಹಾಕಿ ಹಾಕಿ ಆ ನಡುಗಡ್ಡೆಯಾಯಿತಂತೆ. ವಿನುತಾ ಗೋಡೆಯ ಮೇಲಿನ ಹರಕೆಯ ಬೆಳ್ಳಿ ತಗಡುಗಳನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದಳು. ನಾನೂ ಕೈಮುಗಿದೆ. ಸಮುದ್ರಕ್ಕೆ ಹೋದವರನ್ನು ಕಾಪಾಡುವ ತಾಯಿ ಬೆಟ್ಟಕ್ಕೆ ಹೊರಟವರನ್ನೂ ಸ್ವಲ್ಪ ನೋಡಿಕೊಳ್ಳಲಿ ಎಂದು ಕೇಳಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಕೋಟೋರಿನ ಹಳೆಯ ಪಟ್ಟಣ. ಅದರ ಬೆನ್ನಿಗೆ ಅಂಟಿಕೊಂಡೇ ಕಡಿದಾದ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಗೆ ಮೆಟ್ಟಿಲು. ಮೆಟ್ಟಿಲೆಂದರೆ ನನಗೆ ಚಾಮುಂಡಿಯ ಅಭಯ. ದಾರಿಯುದ್ದಕ್ಕೂ ಏದುಸಿರು ಬಿಡುತ್ತಿದ್ದ ಯುರೋಪಿಯನ್ನರನ್ನು ಹಿಂದೆ ಹಾಕಿ, ಅವರಿಗೆ ಧೈರ್ಯ ಬೇರೆ ಹೇಳುತ್ತಾ ತುದಿಗೇರಿದೆ. ಅನಘಾ ಫೋಟೋ ತೆಗೆದಳು, ಹೆಂಕ್‌ಗೆ ಕಳಿಸಿದೆ. "ಬೆಟ್ಟದ ಮನುಷ್ಯ!" ಎಂದು ಉತ್ತರ ಬಂತು. ಅಲ್ಲಿಂದಲೇ ವಿಮಾನ ಹತ್ತಿ ವಾಪಸ್ಸು ಬಂದಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಆದರೆ ಊಟ ಮುಗಿಸಿ ಲೊವ್ಚೆನ್ ರಸ್ತೆ ಹತ್ತುವುದೆಂದು ಆಗಲೇ ತೀರ್ಮಾನವಾಗಿತ್ತು. ಕೆಳಗಿಳಿದು, ನೀರು ತರುತ್ತೇನೆಂದು ಹೇಳಿ, ಕೋಟೆ ಬಾಗಿಲ ಹೊರಗಿನ ಹಣ್ಣಿನ ಸಂತೆಗೆ ಓಡಿದೆ. ಸಂತೆಯವರು ಅಷ್ಟು ಹೊತ್ತಿಗೆ ಗಂಟುಮೂಟೆ ಕಟ್ಟಿ ಹೋಗಿಬಿಟ್ಟಿದ್ದರು.

ಉಳಿದದ್ದು ಊಟಕ್ಕೆ ಕೂತ ಹೋಟೆಲು. ಅಮ್ಮ ಮಗಳು ಕೈ ತೊಳೆಯಲು ಹೋದ ಸಮಯ ನೋಡಿ ಮಾಣಿಯನ್ನು ಕರೆದೆ. ಆ ದೇಶದ ಜನ ಡಚ್ಚರಿಗಿಂತಲೂ ಆಜಾನುಬಾಹುಗಳು. ಡಚ್ಚರ ಮುಂದೆ ನನ್ನ ಕಣ್ಣು ಅವರ ಅಂಗಿಯ ಎರಡನೆಯ ಗುಂಡಿಗೆ ಬರುತ್ತದೆ, ಇವನ ಮುಂದೆ ಮೂರನೆಯದಕ್ಕೆ ಬಂತು. ಮೆಲ್ಲಗೆ, "ಒಂದು ನಿಂಬೆಹಣ್ಣು ಬೇಕಿತ್ತು" ಎಂದೆ. "ನಿಂಬೆ ಮೀನಿನ ಜೊತೆ ಬರುತ್ತದೆ" ಎಂದ. ನಿಂಬೆ ಪಾನಕ ತರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತರಿಸಿದೆ. ಬಾಟಲಿಯಲ್ಲಿ ಬಂತು. ಬೇರೆ ದಾರಿ ಕಾಣದೆ, ಮೊಟ್ಟೆ ಹಾಕಿದ ಕೇಕನ್ನೂ ಎರಡು ಸಲ ವಿಚಾರಿಸಿ ತಿನ್ನುವ ನಾನು ಸುಟ್ಟ ಮೀನೊಂದನ್ನು ಹೇಳಿದೆ.

ಅವರು ಬರುವ ಹೊತ್ತಿಗೆ ನನ್ನ ಮುಂದೆ ತಟ್ಟೆಯ ತುಂಬ ಮಲಗಿದ ಒಂದು ಮೀನು, ನನ್ನನ್ನೇ ನೋಡುತ್ತಿತ್ತು.

"ಏನ್ರೀ ಇದು?"

"ಮೀನು."

"ಅದು ಕಾಣ್ತದ. ಯಾರಿಗೆ?"

ದಿಕ್ಕು ತೋಚದೆ ಕೆಳಗೆ ನೋಡಿದೆ. ಕೋಟೋರ್ ಎಂದರೆ ಬೆಕ್ಕುಗಳ ಊರು. ಸಂದಿಗೊಂದು, ಮೆಟ್ಟಿಲಿಗೊಂದು, ಕುರ್ಚಿಯ ಕೆಳಗೊಂದು. "ಬೆಕ್ಕಿಗೆ" ಎಂದೆ. "ಪಾಪ, ಹಸಿದಿವೆ." ಅನಘಾ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ತಟ್ಟೆಯನ್ನು ನೆಲಕ್ಕಿಟ್ಟದ್ದೇ ತಡ, ಇಡೀ ಬೀದಿಯ ಬೆಕ್ಕುಗಳು ಕೂಡಿಕೊಂಡವು. ಆ ಗದ್ದಲದಲ್ಲಿ ನಾನು ನಿಂಬೆಯ ಹೋಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಸೇರಿಸಿದೆ. ತಲೆಯೆತ್ತಿದರೆ ವಿನುತಾ ನನ್ನ ಜೇಬನ್ನೇ ನೋಡುತ್ತಿದ್ದಳು.

ರಸ್ತೆ ಶುರುವಾಯಿತು. ಅಂಥ ರಸ್ತೆಯನ್ನು ಮಾಡಿದವರು ಯಾರೇ ಆಗಲಿ, ಅವರ ಹೊಟ್ಟೆ ಗಟ್ಟಿ ಇದ್ದಿರಬೇಕು. ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು, ಅದರ ನೆತ್ತಿಯ ಮೇಲೆ ಮತ್ತೊಂದು. ವಿನುತಾ ಗುನುಗುತ್ತಾ ಗೇರು ಬದಲಿಸುತ್ತಿದ್ದಳು. ಅಷ್ಟು ಉಲ್ಲಾಸವಾಗಿ ಅವಳನ್ನು ನೋಡಿ ವರ್ಷಗಳಾಗಿದ್ದವು. ಮೊದಲ ಎರಡು ತಿರುವುಗಳವರೆಗೆ ನಾನು ಕಲ್ಲಿನ ಪದರಗಳ ಬಗ್ಗೆ ಮಗಳಿಗೆ ಉಪನ್ಯಾಸ ಕೊಟ್ಟೆ. ಮೂರನೆಯದಕ್ಕೆ ಉಪನ್ಯಾಸ ನಿಂತಿತು. ಆಮೇಲೆ ಜಾಗ ಸಿಕ್ಕಲ್ಲೆಲ್ಲ, "ಇಲ್ಲಿ ನಿಲ್ಲಿಸು, ಫೋಟೋ ಚೆನ್ನಾಗಿ ಬರುತ್ತೆ" ಎನ್ನತೊಡಗಿದೆ. "ಪಪ್ಪಾ, ಇಟ್ಸ್ ದ ಸೇಮ್ ಫೋಟೋ" ಎಂದಳು ಅನಘಾ. "ಆ್ಯಂಡ್ ಯು ಲುಕ್ ಎ ಬಿಟ್ ಗ್ರೀನ್." ಹಸಿರು ಮರಗಳ ನೆರಳು ಬಿದ್ದಿರಬೇಕು ಎಂದೆ. ಅಲ್ಲಿ ಮರಗಳಿರಲಿಲ್ಲ.

ಆಗ ಮೇಲಿನಿಂದ ಒಂದು ಟೂರಿಸ್ಟ್ ಬಸ್ಸು ಇಳಿದು ಬಂತು. ಆ ರಸ್ತೆಯಲ್ಲಿ ಒಂದು ಬಸ್ಸಿಗೇ ಜಾಗ ಸಾಲದು. ಯಾರಾದರೊಬ್ಬರು ಹಿಂದೆ ಸರಿಯಬೇಕು. ವಿನುತಾ ಕತ್ತು ತಿರುಗಿಸಿ, ಒಂದು ಕೈ ನನ್ನ ಸೀಟಿನ ಮೇಲಿಟ್ಟು, ಇಡೀ ತಿರುವನ್ನು ಹಿಮ್ಮುಖವಾಗಿ ಇಳಿಸಿ ಕಾರನ್ನು ಬಂಡೆಗೆ ಒತ್ತಿ ನಿಲ್ಲಿಸಿದಳು. ಬಸ್ಸಿನ ಚಾಲಕ ಕಿಟಕಿಯಿಂದ ಅವಳಿಗೊಂದು ಸಲಾಮು ಹೊಡೆದು ಹೋದ. ತಿರುವುಗಳನ್ನು ಮುಮ್ಮುಖವಾಗಿಯೇ ತಾಳದ ನನ್ನ ಹೊಟ್ಟೆ ಹಿಮ್ಮುಖಕ್ಕೆ ತಿರುಗಿಬಿದ್ದಿತು. ಮಾನವೋ ಪ್ರಾಣವೋ ಎಂಬ ಸ್ಥಿತಿಯಲ್ಲಿ ಜೇಬಿಗೆ ಕೈಹಾಕಿ ಹೋಳನ್ನು ತೆಗೆದು ಮೂಗಿಗೆ ಒತ್ತಿ, ಪೂರ್ತಿ ಒಂದು ಉಸಿರು ಎಳೆದುಕೊಂಡೆ.

ಅದು ನಿಂಬೆಹಣ್ಣಿನ ಉಸಿರಾಗಿರಲಿಲ್ಲ. ಬಿಸಿಲಿಗೆ ಕಾದ ಜೇಬಿನಲ್ಲಿ ಅಷ್ಟು ಹೊತ್ತೂ ಕೂತಿದ್ದ ಆ ಹೋಳು ಪೂರ್ತಿ ಮೀನಾಗಿ ಪರಿವರ್ತನೆಗೊಂಡಿತ್ತು. ಮುಂದಿನದನ್ನು ವಿವರಿಸುವುದಿಲ್ಲ. ಬಾಗಿಲು ತೆಗೆದು ಓಡಿದೆ ಎಂದಷ್ಟೇ ಹೇಳುತ್ತೇನೆ. ಲೋಕದ ಜನ ಸಾವಿರಾರು ಮೈಲಿಯಿಂದ ನೋಡಲು ಬರುವ ಕೊಲ್ಲಿ ಕೆಳಗೆ ನೀಲಿಯಾಗಿ ಹರಡಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಬಂಡೆಯೊಂದನ್ನು ತಬ್ಬಿಕೊಂಡು ಬಾಗಿದ್ದೆ.

"ಪಪ್ಪಾ, ಗಾಟ್ ಹೆಟ್?" ಎಂದು, ಹುಷಾರಾಗಿದ್ದೀಯಾ ಎಂದು ಅನಘಾ ಹಿಂದೆ ನಿಂತು ಕೇಳುತ್ತಿದ್ದಳು. ನಿಜವಾಗಿ ಗಾಬರಿಯಾದಾಗ ಮಾತ್ರ ಅವಳ ಬಾಯಿಂದ ಹೀಗೆ ಡಚ್ ಬರುತ್ತದೆ. ಅದನ್ನು ಕೇಳಿ ನನಗೆ ಹೊಟ್ಟೆಗಿಂತ ಹೆಚ್ಚಾಗಿ ಮನಸ್ಸು ಕಿವುಚಿತು. ಬೆಟ್ಟದ ಮನುಷ್ಯನಾಗಿ ಉಳಿಯಲು ಹೋಗಿ ಮಗುವನ್ನು ಹೆದರಿಸಿಬಿಟ್ಟಿದ್ದೆನಲ್ಲ! ವಿನುತಾ ಬಂದು ಬೆನ್ನು ನೀವಿದಳು, ನೀರು ಕುಡಿಸಿದಳು. ಆಮೇಲೆ ಹೆಗಲಿಗೆ ಹಾಕಿಕೊಂಡಿದ್ದ ಚೀಲದಿಂದ ಏನನ್ನೋ ತೆಗೆದು ನನ್ನ ಅಂಗೈಗೆ ಇಟ್ಟಳು. ದುಂಡಗಿನ, ಗಟ್ಟಿಯಾದ, ಹಳದಿ ನಿಂಬೆಹಣ್ಣು.

"ಇದೆಲ್ಲಿತ್ತೇ?"

"ಹೊರಡೂ ಮುಂದ ನಾನೂ ಒಂದು ತೊಗೊಂಡಿದ್ದೆ. ಲಗ್ನ ಆದ ಹೊಸದಾಗ ಅತ್ತಿಯವರು ಹೇಳಿದ್ರು, ಇವಗ ಘಟ್ಟ ಆಗೂದಿಲ್ಲ, ಆದ್ರ ಒಪ್ಪಿಕೊಳ್ಳೂ ಪೈಕಿ ಅಲ್ಲ, ಎಲ್ಲಿಗೆ ಹೋದ್ರೂ ಒಂದು ನಿಂಬಿಹಣ್ಣು ಇಟಗೊಂಡಿರು ಅಂತ."

"ಮತ್ತೆ ನಿನ್ನೆಯಿಂದ ಯಾಕೆ ಕೊಡಲಿಲ್ಲ?"

"ನೀವು ಕೇಳ್ತೀರಿ ಅಂತ ಕಾಯಾಕತ್ತಿದ್ದೆ. ನಾಕು ನಿಂಬಿಹಣ್ಣು ಚಕ್ರಕ್ಕ ಹಾಕಿಸಿದ್ರಿ, ಕೇಳಲಿಲ್ಲ. ಮೀನ ತರಿಸಿದ್ರಿ, ಆದ್ರೂ ಕೇಳಲಿಲ್ಲ. ಹೇಂತಿ ಮುಂದ ಹೊಟ್ಟಿ ತೊಳಸ್ತದ ಅನ್ನಾಕ ಏನ್ ಸಂಕಟ ನಿಮಗ?"

ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಸಿದೆ. ಅಮ್ಮನ ಅಡುಗೆಮನೆ, ಬಸ್ಸಿನ ಕಿಟಕಿ, ಎಲ್ಲವೂ ಒಟ್ಟಿಗೆ ನೆನಪಾಗಿ ಕಣ್ಣು ತುಂಬಿ ಬಂತು. ವಾಂತಿ ಮಾಡಿಕೊಂಡಾಗ ಕಣ್ಣಲ್ಲಿ ನೀರು ಬರುವುದು ಸಹಜ ಎಂದು ತೋಳಿನಿಂದ ಒರೆಸಿಕೊಂಡೆ. ಆಮೇಲೆ ತಿರುಗಿ ಕೊಲ್ಲಿಯನ್ನು ನೋಡಿದೆ. ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ, ನನ್ನ ಪಕ್ಕದಲ್ಲಿ ನಿಂತು ನಗುತ್ತಿದ್ದವಳನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಅಲ್ಲಿಂದ ಮುಂದೆ ಪ್ರವಾಸ ಬಹಳ ಚೆನ್ನಾಗಿ ನಡೆಯಿತು. ಲೊವ್ಚೆನ್ ತುದಿಯಲ್ಲಿರುವ, ಆ ದೇಶದ ಹಿಂದಿನ ಅರಸನೊಬ್ಬನ ಸಮಾಧಿಯವರೆಗೂ ಹೋದೆವು. ಇನ್ನೊಂದು ದಿನ ಉತ್ತರದ ಬೆಟ್ಟಗಳ ಕಡೆಗೆ ಹೋಗಿ ತಾರಾ ನದಿಯ ಆಳವಾದ ಕಣಿವೆಯನ್ನು ಸೇತುವೆಯ ಮೇಲಿಂದ ನೋಡಿದೆವು. ಅಮ್ಮ ಮಗಳು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ತಂತಿಯ ಮೇಲೆ ಕಿರುಚುತ್ತಾ ಕಣಿವೆಯ ಆಚೆ ಕಡೆಗೆ ಜಾರಿ ಹೋದರು. ನಾನು ಈಚೆ ಕಡೆ ಅವರ ಚಪ್ಪಲಿ, ಚೀಲ ಕಾಯುತ್ತಾ ನಿಂಬೆಹಣ್ಣು ಮೂಸುತ್ತಾ ನಿಂತಿದ್ದೆ, ರಾಜಾರೋಷವಾಗಿ. ಒಂದೇ ಒಂದು ಬೇಡಿಕೆ ಮುಂದಿಟ್ಟಿದ್ದೆ. ಹೆಂಕ್‌ಗೆ ಇದು ಗೊತ್ತಾಗಬಾರದು. "ನಾ ಯಾಕ ಹೇಳ್ಲಿ?" ಎಂದು ವಿನುತಾ ಮಾತು ಕೊಟ್ಟಳು, ಉಳಿಸಿಕೊಂಡಳು ಕೂಡ.

ಮಗಳ ಹತ್ತಿರ ಮಾತು ತೆಗೆದುಕೊಳ್ಳಲು ಮರೆತಿದ್ದೆ. ಇಲ್ಲಿನ ಶಾಲೆಗಳಲ್ಲಿ ರಜೆ ಮುಗಿದ ಸೋಮವಾರ ಮಕ್ಕಳನ್ನು ಸುತ್ತಲೂ ಕೂರಿಸಿ, ಏನೇನು ಮಾಡಿದಿರಿ ಎಂದು ಒಬ್ಬೊಬ್ಬರಿಂದಲೂ ಹೇಳಿಸುವ ಪದ್ಧತಿಯಿದೆ. ಅನಘಾ ಸತ್ಯವಂತೆ. ಕಿವಿಗೊಟ್ಟು ಕೇಳಿದವರಲ್ಲಿ ಹೆಂಕನ ಮಗಳು ಲೊಟ್ಟೆಯೂ ಇದ್ದಳು. ಮಂಗಳವಾರ ಬೆಳಿಗ್ಗೆ ಹೆಂಕ್ ಎರಡು ಕಾಫಿ ಹಿಡಿದುಕೊಂಡು ನನ್ನ ಮೇಜಿಗೆ ಬಂದಾಗಲೇ ನನಗೆ ಎಲ್ಲವೂ ಅರ್ಥವಾಗಿತ್ತು. ಡಚ್ಚರು ಸುತ್ತಿ ಬಳಸಿ ಮಾತಾಡುವವರಲ್ಲ. "ಯಾವ ತಿರುವು?" ಎಂದು ಕೇಳಿದ. ಬಸ್ಸು ಬಂದದ್ದು, ಬಂಡೆ ಇದ್ದದ್ದು ಎಲ್ಲ ಹೇಳಿದೆ. ಅವನು ಕಾಫಿ ಗುಟುಕರಿಸಿ, "ನಾನು ಅದಕ್ಕಿಂತ ಒಂದು ತಿರುವು ಕೆಳಗೆ" ಎಂದ. "ಅದಕ್ಕೇ ನಾನು ನಮ್ಮ ಈ ಬೆಟ್ಟದ ಮೇಲೆ ಮನೆ ಮಾಡಿದ್ದು. ಅಳತೆ ಸರಿಯಾಗಿದೆ."

ಇವತ್ತು ಶನಿವಾರ, ಸಂಜೆಗೆ ನಮ್ಮನ್ನೆಲ್ಲ ಅವನ ಮನೆಗೆ ಕರೆದಿದ್ದಾನೆ. ಸೈಕಲ್ಲಿನಲ್ಲಿ ಹೋಗುವುದೆಂದು ತೀರ್ಮಾನವಾಗಿದೆ. ಈಗಷ್ಟೇ ಜಾಕೆಟ್ಟು ಹಾಕಿಕೊಂಡು ಹೊರಡುವಾಗ, ವಿನುತಾ ನನ್ನ ಉಬ್ಬಿದ ಜೇಬು ನೋಡಿ, "ಏನ್ರೀ ಅದು, ನಿಂಬಿಹಣ್ಣ?" ಎಂದು ಕೇಳಿದಳು.

"ಸೈಕಲ್ಲಿನ ಚಕ್ರಕ್ಕೆ ಕಣೇ" ಎಂದೆ.